ಮಾಸ್ಕ್ ಹಾಕದಿದ್ದದ್ದು ಕೂಲಿಯವರ ತಪ್ಪೇ?

ಪ್ರಶ್ನೆ: ನಮ್ಮ ಮನೆಯವರು ಕೂಲಿಗೆ ಹೋಗಿ ಬೇರೆಯವರ ಹತ್ತಿ, ತೊಗರಿ ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುತ್ತಾರೆ. ಸಂಜೆ ಬಂದ ಮೇಲೆ ತಲೆ ಸುತ್ತು, ವಾಂತಿ. ಕಣ್ಣು ಮಂಜಾಗುತ್ತದೆ. ಹೊಲದವರನ್ನು ಕೇಳಿದರೆ ‘ಮಾಸ್ಕ್ ಹಾಕ್ಕೊಳ್ಳಲಿಲ್ಲ, ಅದಕ್ಕೇ’ ಅನ್ನುತ್ತಾರೆ. ತಪ್ಪು ನಮ್ಮದೇನಾ?
– ಓದುಗರೊಬ್ಬರು, ಜೇವರ್ಗಿ ತಾಲ್ಲೂಕು

ಉತ್ತರ: ಇಲ್ಲಮ್ಮ, ತಪ್ಪು ನಿಮ್ಮದಲ್ಲ. ಅದನ್ನು ಆಮೇಲೆ ವಿವರಿಸುತ್ತೇನೆ, ಮೊದಲು ಜೀವದ ವಿಷಯ.

ವಾಂತಿ, ಮಂಜುಗಣ್ಣು, ಜೊಲ್ಲು, ಜಾಸ್ತಿ ಬೆವರು ಇವೆಲ್ಲ ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್ ಥರದ ಕೀಟನಾಶಕ ವಿಷ ಮೈಗೆ ಸೇರಿದಾಗ ಕಾಣುವ ಲಕ್ಷಣ. ಮಜ್ಜಿಗೆ ಕುಡಿಸಿ ಮಲಗಿಸಬೇಡಿ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, 108ಕ್ಕೆ ಫೋನ್ ಮಾಡಿ. ಡಬ್ಬಿಯ ಲೇಬಲ್ಲಿನ ಫೋಟೊ, ಜೊತೆಗೆ ಬಂದ ಚೀಟಿ ಆಸ್ಪತ್ರೆಗೆ ಹೋಗಲೇಬೇಕು. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ. ಇನ್ನೊಂದು ಮಾತು: ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಈ ವಿಷ ಹಾಳು ಮಾಡುತ್ತದೆ, ಅದು ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ಅಲ್ಲಿಯವರೆಗೆ ಅವರು ಪಂಪು ಬೆನ್ನಿಗೇರಿಸಬಾರದು.

ಈಗ ಮಾಸ್ಕಿನ ಮಾತು. ಮಾಸ್ಕ್ ಮುಚ್ಚುವುದು ಮೂಗು, ಬಾಯಿ ಮಾತ್ರ. ಹೊಡೆಯುವವರ ಮೈಗೆ ವಿಷ ಹೆಚ್ಚಾಗಿ ಇಳಿಯುವುದು ಚರ್ಮದಿಂದ. ಸೋರುವ ಪಂಪು ಬೆನ್ನು ನೆನೆಸುತ್ತದೆ. ನೀರಿಗೆ ಬೆರೆಸುವಾಗ ಕೈಗೆ ಚೆಲ್ಲುತ್ತದೆ. ಎದೆಯೆತ್ತರದ ಹತ್ತಿಯ ಸಾಲಿನಲ್ಲಿ ನಡೆದರೆ ಪಂಚೆ, ಅಂಗಿ ಒದ್ದೆ. ಹಾಗಾದರೆ ರಬ್ಬರ್ ಗ್ಲೌಸು, ಬೂಟು, ಕನ್ನಡಕ, ಏಪ್ರನ್ ಎಲ್ಲ ಹಾಕಿಕೊಳ್ಳಬೇಕು. ನಿಮ್ಮ ಕಡೆಯ ಬಿಸಿಲಲ್ಲಿ, ದಿನಗೂಲಿಯಲ್ಲಿ, ಅದು ಆಗುವ ಮಾತಾ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮಾಡಿರುವ ಕೀಟನಾಶಕ ನೀತಿಸಂಹಿತೆ ಇದನ್ನೇ ಹೇಳುತ್ತದೆ. ತೊಡಲು ಕಷ್ಟವಾದ, ದುಬಾರಿಯಾದ, ಸುಲಭಕ್ಕೆ ಸಿಗದ ರಕ್ಷಣಾ ಉಡುಪು ಬೇಕಾಗುವ ವಿಷಗಳನ್ನು ಬಿಸಿಲು ನಾಡಿನ ಸಣ್ಣ ರೈತರು, ಕೂಲಿಗಳ ಕೈಗೆ ಕೊಡುವುದನ್ನೇ ತಪ್ಪಿಸಬೇಕು. ಅಂದರೆ ಬದಲಾಗಬೇಕಾದದ್ದು ಡಬ್ಬಿಯೊಳಗಿನದು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ವಿಷ ಹೊಡೆದು 20ಕ್ಕೂ ಹೆಚ್ಚು ಜನ ಸತ್ತಾಗಲೂ ಸತ್ತವರ ಅಜಾಗರೂಕತೆಯನ್ನೇ ಎತ್ತಿ ಆಡಿದರು. ನನಗೆ ಆಗ ನೆನಪಾದದ್ದು ದಕ್ಷಿಣ ಕನ್ನಡದ ಕೊಕ್ಕಡ. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಮಾಸ್ಕ್ ಹಾಕಬೇಕಿತ್ತಾ? ದೇಶದಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಮೊನೊಕ್ರೊಟೊಫಾಸ್ ಕಥೆಯೂ ಅಷ್ಟೇ. ತರಕಾರಿಗೆ ಹೊಡೆಯಬಾರದು ಎಂದು ಆದೇಶವಾದದ್ದು 2005ರಲ್ಲಿ. ಎಲ್ಲೆಡೆ ಬಳಕೆಯಲ್ಲಿದ್ದ 36 ಎಸ್‌ಎಲ್ (ನೂರರಲ್ಲಿ 36 ಪಾಲು ವಿಷವಿರುವ) ದ್ರಾವಣದ ನಿಷೇಧಕ್ಕೆ 2023 ಬರಬೇಕಾಯಿತು. ನಮ್ಮ ಕೀಟನಾಶಕ ಕಾಯ್ದೆ 1968ರದ್ದು. ಅದರ ಬದಲಿಗೆ 2020ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. ಅತಿ ವಿಷಕಾರಿ ಎಂಬ ಗುರುತಾದ ಕೆಂಪು ತ್ರಿಕೋನದ ಡಬ್ಬಿಗಳು ಅಂಗಡಿಯಿಂದ ಹೋಗಬೇಕು, ಹೊಡೆದು ಹಾಸಿಗೆ ಹಿಡಿದ ಕೂಲಿಗೆ ಪರಿಹಾರ ಸಿಗಬೇಕು. ಇವೆರಡನ್ನು ನಾವು ಜೋರಾಗಿಯೇ ಕೇಳಬೇಕು.

‘ವಿಷ ಬಿಟ್ಟರೆ ಬೆಳೆ ಹೇಗೆ, ನಮ್ಮ ಕೂಲಿ ಹೇಗೆ?’ ಅನ್ನಬಹುದು. ಕಲಬುರಗಿ ಕಡೆ ಹಿರಿಯರಿಗೆ ಗೊತ್ತು: ತೊಗರಿ ಗಿಡದ ಕೆಳಗೆ ಬಟ್ಟೆ ಹಿಡಿದು ಅಲುಗಾಡಿಸಿದರೆ ಕಾಯಿಕೊರಕ ಹುಳು ಉದುರುತ್ತದೆ. ಆ ಹುಳು ಕೋಳಿಗೆ ಮೇವು. ಆ ಕೆಲಸಕ್ಕೂ ಕೂಲಿಯವರ ಕೈಯೇ ಬೇಕು, ಮತ್ತು ಅದರಿಂದ ಯಾರಿಗೂ ವಾಂತಿಯಾಗುವುದಿಲ್ಲ. ಜೊತೆಗೆ ವಾಸನೆಯಿಂದ ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ, 100 ಲೀಟರ್ ನೀರಿಗೆ 5 ಕೆಜಿ ಬೇವಿನ ಬೀಜದ ಕಷಾಯ ಸಕಾಲಕ್ಕೆ ಹೊಡೆದರೆ ವಿಷದ ಸರದಿ ಎಷ್ಟೋ ಕಡಿಮೆಯಾಗುತ್ತದೆ. ಹೊಲದವರು ಒಮ್ಮೆಗೇ ಒಪ್ಪಲಿಕ್ಕಿಲ್ಲ. ಒಂದು ಎಕರೆಯಲ್ಲಿ ಮಾಡಿ ನೋಡಲಿ ಅನ್ನಿ.

ನಿಮ್ಮವರು ಎಲ್ಲಿ, ಯಾವತ್ತು, ಯಾವ ಎಣ್ಣೆ ಹೊಡೆದರು ಎಂದು ಮಗಳ ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ. ಆಸ್ಪತ್ರೆ ಚೀಟಿಯೂ ಅದರಲ್ಲೇ ಇರಲಿ. ಮುಂದಿನ ಗ್ರಾಮಸಭೆಗೆ ಆ ಪುಸ್ತಕ ತೆಗೆದುಕೊಂಡು ಹೋಗಿ. ಕೃಷಿ ಅಧಿಕಾರಿಗಳು ಬಂದಿದ್ದರೆ ಅವರ ಮುಂದೆಯೇ ಓದಿಸಿ.