ಟೆಂಟ್ ಹಾಕಿ, ಆದರೆ ಬೆಟ್ಟ ಹತ್ತಿ ಹಾಕಿ

ಪ್ರವಾಸ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾನು ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದೇನೆ. ಜುಲೈನಲ್ಲಿ ನಾವು ನಾಲ್ವರು ಸ್ನೇಹಿತರು ಬಾಡಿಗೆ ಕಾರಿನಲ್ಲಿ ಡೆತ್ ವ್ಯಾಲಿ, ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬರಬೇಕೆಂದಿದ್ದೇವೆ. ಹೋಟೆಲ್ ಖರ್ಚು ಉಳಿಸೋಣ ಅಂತ ಟೆಂಟ್ ಕೂಡ ತಗೊಂಡಾಯಿತು. ಹಗಲು ಬಿಸಿಲು ಜಾಸ್ತಿ ಅಂತ ಗೊತ್ತು. ಆದರೆ ಮರುಭೂಮಿಯಲ್ಲಿ ರಾತ್ರಿ ತಂಪಾಗುತ್ತದೆ ಅಲ್ವಾ? ಮೂರೂ ರಾತ್ರಿ ಟೆಂಟಿನಲ್ಲೇ ಕಳೆಯಬಹುದಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಟೆಂಟ್ ತಗೊಂಡಾಗಿದೆ ಅಂತೀರಿ. ಈಗ ಬೇಡ ಅಂದರೆ ನಿಮಗೂ ಬೇಜಾರು, ನನಗೂ ಬೇಜಾರು. ಮೂರರಲ್ಲಿ ಎರಡು ರಾತ್ರಿ ಟೆಂಟಿನಲ್ಲಿ ಆರಾಮಾಗಿಯೇ ಮಲಗಬಹುದು. ಜಾಗ ಮಾತ್ರ ಬದಲಾಯಿಸಬೇಕು.

ರಾತ್ರಿ ತಂಪಾಗುತ್ತದೆ ಎನ್ನುವುದು ಎಷ್ಟೋ ಮರುಭೂಮಿಗಳ ಮಟ್ಟಿಗೆ ನಿಜ. ಡೆತ್ ವ್ಯಾಲಿಯ ತಳದಲ್ಲಿ ಜುಲೈ ತಿಂಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪ್ರವಾಸಿಗರು ಉಳಿದುಕೊಳ್ಳುವ ಫರ್ನೆಸ್ ಕ್ರೀಕ್ ಸಮುದ್ರಮಟ್ಟಕ್ಕಿಂತ ಸುಮಾರು 58 ಮೀಟರ್ ಕೆಳಗಿದೆ, ಉಪ್ಪಿನ ಬಯಲಾದ ಬ್ಯಾಡ್‌ವಾಟರ್ ಇನ್ನೂ ಕೆಳಗೆ, 86 ಮೀಟರ್. ಎರಡೂ ಪಕ್ಕ ಎತ್ತರದ ಬೆಟ್ಟ, ನಡುವೆ ಕಿರಿದಾದ ಕಣಿವೆ. ಗಿಡಮರ ಇಲ್ಲದ ನೆಲ ಹಗಲೆಲ್ಲ ಕಾಯುತ್ತದೆ, ರಾತ್ರಿ ಆ ಬಿಸಿಯನ್ನು ಹೊರಗೆ ಬಿಡುತ್ತದೆ. ಬಿಸಿಗಾಳಿ ಮೇಲೇರುತ್ತದೆ, ಬೆಟ್ಟ ದಾಟಲಾಗದೆ ಮತ್ತೆ ಕಣಿವೆಗೇ ಇಳಿಯುತ್ತದೆ. ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಸಿಯಾಗುತ್ತದೆ. ಜುಲೈನ ಸರಾಸರಿ ಗರಿಷ್ಠ 47 ಡಿಗ್ರಿ ಆಸುಪಾಸು, ಬೆಳಗಿನ ಜಾವದ ಕನಿಷ್ಠವೇ 31 ಡಿಗ್ರಿ ಆಸುಪಾಸು. 2024ರ ಜುಲೈನಲ್ಲಂತೂ ಹಗಲು ರಾತ್ರಿ ಎರಡೂ ಸೇರಿಸಿ ತೆಗೆದ ಸರಾಸರಿಯೇ 42.5 ಡಿಗ್ರಿ. ರಾತ್ರಿಯನ್ನೂ ಸೇರಿಸಿ, ನೆನಪಿರಲಿ.

ಎಲ್ಲರೂ ಹೇಳುವುದು ಅಲ್ಲಿಯ ಗಾಳಿಯ ಬಿಸಿಯ ದಾಖಲೆಯನ್ನು, 1913ರ 56.7 ಡಿಗ್ರಿ. ಟೆಂಟಿನಲ್ಲಿ ಮಲಗುವವರು ನೋಡಬೇಕಾದ ದಾಖಲೆ ಬೇರೆ ಇದೆ. 1972ರ ಜುಲೈನಲ್ಲಿ ಫರ್ನೆಸ್ ಕ್ರೀಕ್‌ನಲ್ಲಿ ನೆಲದ ಬಿಸಿ 93.9 ಡಿಗ್ರಿ ಮುಟ್ಟಿತ್ತು. ನೀವು ಬೆನ್ನು ಹಾಕಿ ಮಲಗುವುದು ಆ ನೆಲದ ಮೇಲೆ.

ನಾನು ಫೀನಿಕ್ಸ್‌ನಲ್ಲಿದ್ದ ಕಾಲದಲ್ಲಿ ನಮ್ಮ ಯಜಮಾನರಿಗೆ ಹೋಟೆಲ್ ಎಂದರೆ ಅಲರ್ಜಿ. ದುಡ್ಡು ಕೊಟ್ಟು ಗೋಡೆ ನೋಡೋದಕ್ಕೆ ಬಂದಿದ್ದೀವಾ ಅನ್ನೋರು. ಅವರ ಹಠಕ್ಕೆ ಒಮ್ಮೆ ಜುಲೈನಲ್ಲಿ ಫರ್ನೆಸ್ ಕ್ರೀಕ್‌ನಲ್ಲಿ ಉಳಿದೆವು. ಕತ್ತಲಾದ ಮೇಲೂ ಟೆಂಟಿನ ಜಿಪ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ತಣ್ಣೀರಿನ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಹದವಾದ ಬಿಸಿನೀರು. ಬೆಡ್‌ಶೀಟ್ ಒದ್ದೆ ಮಾಡಿ ಹೊದ್ದುಕೊಂಡೆವು. ಸ್ವಲ್ಪ ಹೊತ್ತು ಸ್ವರ್ಗ, ಆಮೇಲೆ ಬಟ್ಟೆ ಗರಿಗರಿ ಒಣಗಿ ಹೋಗೋದು. ಎದ್ದು ಮತ್ತೆ ನೆನೆಸೋದು. ಬೆಳಗಾಗುವವರೆಗೂ ಇದೇ ಕೆಲಸ. ಯಜಮಾನರು ಮರುದಿನ ತಾವೇ ಮೋಟೆಲ್ ಹುಡುಕಿದರು. ನಾನು ಒಂದು ಮಾತೂ ಆಡಲಿಲ್ಲ, ಅದೇ ಅವರಿಗೆ ಜಾಸ್ತಿ ಚುಚ್ಚಿತು ಅನ್ನಿ.

ನಿದ್ದೆ ಕೆಡುವುದಷ್ಟೇ ಆದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಹಗಲು ಬಿಸಿಲಿನಲ್ಲಿ ಬೆಂದ ಮೈಗೆ ರಾತ್ರಿಯಾದರೂ ಆರಲು ಬಿಡಬೇಕು. ಬಿಡದಿದ್ದರೆ ಮರುದಿನದ ಬಿಸಿಲು ಮೊದಲೇ ಸುಸ್ತಾದ ಮೈಯನ್ನು ಹಿಡಿಯುತ್ತದೆ. ಮೇಲಾಗಿ ನಿದ್ದೆಗೆಟ್ಟ ಒಬ್ಬರು ಕಾರು ಓಡಿಸಬೇಕು. ಡೆತ್ ವ್ಯಾಲಿ ಒಂದು ನ್ಯಾಷನಲ್ ಪಾರ್ಕ್, ಅದರ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಇಲ್ಲ. ತುಂಬಾ ಕಾದ ಗಾಳಿ ತೆಳುವಾಗಿರುತ್ತದೆ, ಹೆಲಿಕಾಪ್ಟರ್‌ಗೆ ಅದರಲ್ಲಿ ಏರಲು ಕಷ್ಟ. ಸುಮಾರು 49 ಡಿಗ್ರಿ ದಾಟಿದರೆ ಏರ್ ಆಂಬುಲೆನ್ಸ್ ಬರುವುದೇ ಅನುಮಾನ.

ಈಗ ದಾರಿ ಹೇಳುತ್ತೇನೆ. ಅಲ್ಲಿ ಪ್ರತಿ 300 ಮೀಟರ್ ಮೇಲೇರಿದರೆ ಎರಡು ಮೂರು ಡಿಗ್ರಿ ಕಡಿಮೆಯಾಗುತ್ತದೆ. ನಿಮಗೆ ಬೇಕಾದ ಎ.ಸಿ. ಅದೇ, ಪುಕ್ಕಟೆ. ನೀವು ಬರುವುದು ಲಾಸ್ ಏಂಜಲೀಸ್ ಕಡೆಯಿಂದ, ಅಂದರೆ ಪಾರ್ಕಿನ ಪಶ್ಚಿಮ ಭಾಗದಿಂದ. ವೈಲ್ಡ್‌ರೋಸ್ ಕ್ಯಾಂಪ್‌ಗ್ರೌಂಡ್ ಆ ಕಡೆಗೇ ಇದೆ, ಸುಮಾರು 1,250 ಮೀಟರ್ ಎತ್ತರದಲ್ಲಿ. ಕಣಿವೆ ತಳಕ್ಕಿಂತ ಅಂದಾಜು 10 ಡಿಗ್ರಿ ಕಡಿಮೆ. ಹಗಲು ಅಲ್ಲೂ ಸೆಕೆಯೇ, ಆದರೆ ರಾತ್ರಿ ಕಣ್ಣು ಮುಚ್ಚಬಹುದು. ಇನ್ನೂ ಮೇಲೆ ಮಹಾಗನಿ ಫ್ಲ್ಯಾಟ್ ಇದೆ, ಸುಮಾರು 2,500 ಮೀಟರ್. ಅಲ್ಲಿ ಜುಲೈನಲ್ಲೂ ಸ್ವೆಟರ್ ಬೇಕಾಗಬಹುದು. ಆದರೆ ಕೊನೆಯ ದಾರಿ ಒರಟು, ನೆಲದಿಂದ ಎತ್ತರ ಇರುವ ಗಾಡಿ ಬೇಕು. ನಿಮ್ಮದು ಸಣ್ಣ ಬಾಡಿಗೆ ಕಾರಾದರೆ ಆ ಆಸೆ ಬಿಡಿ. ಕಚ್ಚಾ ರಸ್ತೆಗೆ ಇಳಿಸಬಾರದು ಅಂತ ಎಷ್ಟೋ ಬಾಡಿಗೆ ಕರಾರಿನಲ್ಲಿ ಬರೆದೇ ಇರುತ್ತಾರೆ, ಓದಿ ನೋಡಿ. ವೈಲ್ಡ್‌ರೋಸ್ ದಾರಿಯೂ ಮಳೆಗೆ ಕೆಡುವುದುಂಟು. ಹೊರಡುವ ದಿನ ಪಾರ್ಕಿನ ರಸ್ತೆ ಮಾಹಿತಿ ನೋಡಿಕೊಂಡೇ ಹೊರಡಿ.

ಮರುದಿನ ಕತ್ತಲಿರುವಾಗಲೇ ಟೆಂಟ್ ಬಿಚ್ಚಿ ಕೆಳಗಿಳಿಯಿರಿ. ಜಬ್ರಿಸ್ಕಿ ಪಾಯಿಂಟ್, ಬ್ಯಾಡ್‌ವಾಟರ್ ಎರಡನ್ನೂ ಬೆಳಿಗ್ಗೆಯೇ ನೋಡಿ ಮುಗಿಸಿ. ತಗ್ಗು ಜಾಗಗಳಲ್ಲಿ 10 ಗಂಟೆಯ ನಂತರ ನಡೆಯಬೇಡಿ ಎಂದು ಪಾರ್ಕಿನವರೇ ಹೇಳುತ್ತಾರೆ. ಅಲ್ಲಿಂದ ಲಾಸ್ ವೇಗಸ್‌ಗೆ ಎರಡು ಗಂಟೆ ಚಿಲ್ಲರೆ.

ಆ ಎರಡನೇ ರಾತ್ರಿ ಮಾತ್ರ ರೂಮು ಮಾಡಿ. ವೇಗಸ್‌ನಲ್ಲಿ ಬೇಸಿಗೆಯ ವಾರದ ದಿನಗಳಲ್ಲಿ ಬಾಡಿಗೆ ಇಳಿದಿರುತ್ತದೆ, ನಾಲ್ಕು ಜನ ಹಂಚಿಕೊಂಡರೆ ಭಾರ ಅನಿಸದು. ಶುಕ್ರವಾರ, ಶನಿವಾರ ಬೇಡ. ಪರದೆಯ ಮೇಲೆ ಕಾಣುವ ರೇಟು ನೋಡಿ ಖುಷಿಪಡುವ ಮುಂಚೆ ಹೋಟೆಲ್‌ನವರು ಕಡ್ಡಾಯವಾಗಿ ಹಾಕುವ ರೆಸಾರ್ಟ್ ಫೀ ಅದರಲ್ಲಿ ಸೇರಿದೆಯೇ ನೋಡಿ, ಪಾರ್ಕಿಂಗ್ ಕೂಡಿಸಿ ನೋಡಿ. ಮೈಗೆ ಸ್ನಾನ, ಫೋನಿಗೆ ಚಾರ್ಜ್, ಕೂಲರ್‌ಗೆ ಹೊಸ ಐಸ್, ಎಲ್ಲ ಒಂದೇ ರಾತ್ರಿಯಲ್ಲಿ ಆಗುತ್ತದೆ. ಅದೂ ಬೇಡ ಎಂದರೆ ಊರಿಂದ ಒಂದು ಗಂಟೆ ದೂರದಲ್ಲಿ ಮೌಂಟ್ ಚಾರ್ಲ್ಸ್‌ಟನ್ ಕಡೆ ಪೈನ್ ಮರಗಳ ನಡುವೆ ಕ್ಯಾಂಪ್‌ಗ್ರೌಂಡ್‌ಗಳಿವೆ.

ಗ್ರ್ಯಾಂಡ್ ಕ್ಯಾನ್ಯನ್ ವಿಷಯದಲ್ಲಿ ಚಿಂತೆಯೇ ಇಲ್ಲ. ಅದರ ದಕ್ಷಿಣದ ಅಂಚು, ಸೌತ್ ರಿಮ್, ಇರುವುದು 2,100 ಮೀಟರ್ ಎತ್ತರದಲ್ಲಿ. ಜುಲೈ ರಾತ್ರಿ 12 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ಮೇದರ್ ಕ್ಯಾಂಪ್‌ಗ್ರೌಂಡ್ ತಿಂಗಳುಗಳ ಮೊದಲೇ ತುಂಬಿಬಿಡುತ್ತದೆ. ಸಿಗದಿದ್ದರೆ ಪಾರ್ಕಿನ ಹೊರಗೆ ಕೈಬಾಬ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ಅನುಮತಿ ಇರುವ ಕಡೆ ದುಡ್ಡು ಕೊಡದೆ ಟೆಂಟ್ ಹಾಕಬಹುದು. ನೀರಿಲ್ಲ, ಶೌಚಾಲಯವಿಲ್ಲ, ಕಸ ವಾಪಸ್ ತರಬೇಕು. ಬೇಸಿಗೆಯಲ್ಲಿ ಬೆಂಕಿ ಹಾಕಲು ನಿಷೇಧ ಇರುವುದು ಮಾಮೂಲು, ವಿಚಾರಿಸಿಕೊಳ್ಳಿ.

ಪ್ರಶ್ನೆ: ಟೆಂಟ್ ಯಾಕೆ, ಕಾರಿನಲ್ಲೇ ಎ.ಸಿ. ಹಾಕಿಕೊಂಡು ಮಲಗಿದರೆ ಆಗಲ್ವಾ?

ಉತ್ತರ: ರಾತ್ರಿಯಿಡೀ ಎಂಜಿನ್ ಓಡಿಸುವುದು ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗೆ ಸೇರಿದರೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ನಿಂತ ಗಾಡಿಯ ಎಂಜಿನ್ ಆ ಸೆಕೆಯಲ್ಲಿ ಕಾದು ಕೈಕೊಟ್ಟರೆ ಬೆಳಿಗ್ಗೆ ನಿಮಗೆ ನೆರಳೂ ಇಲ್ಲ, ಗಾಡಿಯೂ ಇಲ್ಲ. ಎ.ಸಿ. ಆರಿಸಿ ಕಿಟಕಿ ಮುಚ್ಚಿ ಮಲಗುವುದು ಅದಕ್ಕಿಂತ ಕಡೆ.

ಪ್ರಶ್ನೆ: ಮರುಭೂಮಿಗೆ ಹೋದಾಗ ಬೆವರೇ ಬರಲಿಲ್ಲ, ನೀರು ಕುಡಿಯುತ್ತಲೇ ಇದ್ದೆ, ಆದರೂ ತಲೆನೋವು, ವಾಕರಿಕೆ. ಯಾಕೆ?

ಉತ್ತರ: ಬೆವರು ಬಂದಿರುತ್ತದೆ. ಒಣಗಾಳಿಗೆ ಆಗಲೇ ಆರಿ ಹೋಗಿರುತ್ತದೆ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿ. ಬಿಸಿಲಿಗೆ ಮೈ ಸೋತರೂ ಹೀಗಾಗುತ್ತದೆ, ಬರೀ ನೀರು ಕುಡಿಯುತ್ತಾ ಹೋಗಿ ರಕ್ತದಲ್ಲಿ ಉಪ್ಪಿನಂಶ ಇಳಿದರೂ ಹೀಗೇ ಆಗುತ್ತದೆ. ಡೆತ್ ವ್ಯಾಲಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಇಟ್ಟುಕೊಳ್ಳಿ, ಕಾರು ಕೆಟ್ಟರೆ ಅಂತ ಬೇರೆ ಕ್ಯಾನ್ ಇರಲಿ. ಜೊತೆಗೆ ಓ.ಆರ್.ಎಸ್. ಪೊಟ್ಟಣ, ಖಾರಾ ಬಿಸ್ಕತ್ತು, ಉಪ್ಪಿನಕಾಯಿ ಏನಾದರೂ ಸರಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಯಾರಾದರೂ ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ ಅದು ಸುಸ್ತಲ್ಲ, ಹೀಟ್‌ಸ್ಟ್ರೋಕ್. ತಕ್ಷಣ ನೆರಳಿಗೆ ತಂದು ನೀರು ಸುರಿದು ಗಾಳಿ ಹಾಕಿ, ಜೊತೆಯವರು 911ಕ್ಕೆ ಕರೆ ಮಾಡಲಿ.

ಪ್ರಶ್ನೆ: ಕಲ್ಲಿಲ್ಲದ ಮೆತ್ತನೆ ಮರಳಿನ ಹಾಸು ಸಿಕ್ಕರೆ ಟೆಂಟಿಗೆ ಒಳ್ಳೆಯದಲ್ವಾ?

ಉತ್ತರ: ಆ ಮರಳನ್ನು ಅಲ್ಲಿಗೆ ತಂದು ಹಾಸಿದ್ದು ನೀರು. ಅದು ಒಣಹಳ್ಳ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗುಡುಗು ಮಳೆಯ ಕಾಲ. ಎಲ್ಲೋ ದೂರದ ಬೆಟ್ಟದಲ್ಲಿ ಮಳೆಯಾದರೂ ನಿಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿರುವಾಗಲೇ ಪ್ರವಾಹ ಬರಬಹುದು. 2023ರ ಆಗಸ್ಟ್ 20ರಂದು ಫರ್ನೆಸ್ ಕ್ರೀಕ್‌ನಲ್ಲಿ ಒಂದು ವರ್ಷದ ಮಳೆ ಒಂದೇ ದಿನ ಸುರಿಯಿತು, ಸುಮಾರು 56 ಮಿಲಿಮೀಟರ್. ಪಾರ್ಕ್ ಮತ್ತೆ ತೆರೆದದ್ದು ಅಕ್ಟೋಬರ್‌ನಲ್ಲಿ. ದಂಡೆ ಹತ್ತಿ ಕಲ್ಲು ಆರಿಸಿ ಹಾಕಿ, ಟೆಂಟ್ ಅಲ್ಲೇ ಹೂಡಿ.