ಹಳೇ ಎಂಟ್ರಿ ಡಿಲೀಟ್ ಮಾಡ್ಬೇಡಿ

ನವೆಂಬರ್‌ನಲ್ಲಿ ಕೊಂಡ 42,000 ರೂಪಾಯಿಯ ಲ್ಯಾಪ್‌ಟಾಪನ್ನು ಟ್ಯಾಲಿಯಲ್ಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಕಚೇರಿ ಖರ್ಚಿಗೆ ಹಾಕಿಬಿಟ್ಟಿದ್ದೀರಿ, ಪೇಮೆಂಟ್ ವೋಚರನ್ನೇ (ಹಣ ಕೊಟ್ಟದ್ದರ ಎಂಟ್ರಿ) ಅಳಿಸಿ ಹೊಸದಾಗಿ ಹಾಕಲೇ ಅಂತ ಕೇಳಿದ್ದೀರಿ. ಬೇಡ. ಆ ವೋಚರಿನ ಬ್ಯಾಂಕ್ ರಿಕನ್ಸಿಲಿಯೇಶನ್ (ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವುದು) ಮುಗಿದಿದೆ ಅಂತ ನೀವೇ ಹೇಳಿದ್ದೀರಲ್ಲ. ಅಳಿಸಿದರೆ ಅದನ್ನೂ ಮತ್ತೆ ಮಾಡುತ್ತ ಕೂರಬೇಕು.

ತಪ್ಪಾಗಿರುವುದು ಡೆಬಿಟ್ ಕಡೆ ಮಾತ್ರ, ಬ್ಯಾಂಕ್ ಕಡೆ ಸರಿಯಾಗಿಯೇ ಇದೆ. ಹಾಗಾಗಿ ಎಫ್7 ಒತ್ತಿ ಒಂದು ಜರ್ನಲ್ (ಒಂದು ಖಾತೆಯಿಂದ ಇನ್ನೊಂದಕ್ಕೆ ಮೊತ್ತ ಬದಲಿಸುವ ಎಂಟ್ರಿ) ಹಾಕಿ: ಕಂಪ್ಯೂಟರ್ ಖಾತೆಗೆ (ಫಿಕ್ಸೆಡ್ ಅಸೆಟ್ಸ್ ಗುಂಪಿನಡಿ) ಡೆಬಿಟ್ 42,000, ಕಚೇರಿ ಖರ್ಚಿಗೆ ಕ್ರೆಡಿಟ್ 42,000. ಬಿಲ್ಲಿನ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತ) ಆಗಿ ಬೇರೆ ಲೆಡ್ಜರಿಗೆ (ಖಾತೆಗೆ) ಹಾಕಿದ್ದರೆ ಅದನ್ನು ಮುಟ್ಟಬೇಡಿ, ಖರ್ಚಿಗೆ ಹೋದ ಮೊತ್ತವನ್ನಷ್ಟೇ ತಿರುಗಿಸಿ. ಜರ್ನಲ್‌ನಲ್ಲಿ ಬ್ಯಾಂಕ್ ಲೆಡ್ಜರ್ ಕಾಣುತ್ತಿಲ್ಲ ಅಂತ ಸೆಟ್ಟಿಂಗ್ ಬದಲಿಸಲು ಹೋಗಬೇಡಿ, ಇಲ್ಲಿ ಅದರ ಅಗತ್ಯವೇ ಇಲ್ಲ.

ನರೇಶನ್‌ನಲ್ಲಿ (ಎಂಟ್ರಿಯ ಕೆಳಗಿನ ವಿವರಣೆ) ಮೂಲ ವೋಚರ್ ಸಂಖ್ಯೆ, ಬಿಲ್ ಸಂಖ್ಯೆ, ಲ್ಯಾಪ್‌ಟಾಪ್ ಬಳಕೆಗೆ ಬಂದ ದಿನ, ಮೂರನ್ನೂ ಬರೆಯಿರಿ. ಇದನ್ನು ತುಂಬ ಜನ ಬಿಡುತ್ತಾರೆ. ನವೆಂಬರ್‌ನಲ್ಲಿ ಬಂದದ್ದು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾದಂತೆ, ಹಾಗಾಗಿ ಆದಾಯ ತೆರಿಗೆಯಲ್ಲಿ ಸಿಗುವ ಸವಕಳಿ (ಆಸ್ತಿ ಹಳೆಯದಾದಂತೆ ಬೆಲೆಯಲ್ಲಿ ಕಳೆಯುವ ಭಾಗ) ಶೇ. 40ರ ಬದಲು ಅದರ ಅರ್ಧ, ಶೇ. 20 ಮಾತ್ರ. ಆಡಿಟರ್ ಆ ದಿನಾಂಕ ಕೇಳಿಯೇ ಕೇಳುತ್ತಾರೆ.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಅಂದಿರಿ. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಎಡಿಟ್ ಲಾಗ್ (ಎಂಟ್ರಿಗಳಲ್ಲಿ ಮಾಡಿದ ಪ್ರತಿ ಬದಲಾವಣೆಯ ದಾಖಲೆ) ಕಡ್ಡಾಯ, ಅಳಿಸಿದ್ದೂ ಅದರಲ್ಲಿ ಉಳಿಯುತ್ತದೆ. ಇದೆಲ್ಲ ವರ್ಷದ ಪುಸ್ತಕ ಇನ್ನೂ ಮುಗಿದಿಲ್ಲ ಅನ್ನೋ ಲೆಕ್ಕದಲ್ಲಿ ಹೇಳಿದ್ದು. ಆಡಿಟ್ ಆಗಿ ರಿಟರ್ನ್ ಸಲ್ಲಿಕೆಯಾಗಿದ್ದರೆ ನೀವೇ ಏನೂ ಹಾಕಬೇಡಿ, ಮೊದಲು ಆಡಿಟರನ್ನು ಕೇಳಿ.