ವಿಬಿಎಸ್‌ಗೆ ಹದಿಹರೆಯದ ಸ್ವಯಂಸೇವಕರನ್ನು ತಯಾರು ಮಾಡುವುದು ಹೇಗೆ? ಯಾವ ತರಬೇತಿ ಪುಸ್ತಕ ಒಳ್ಳೆಯದು?

ಹಾವೇರಿ ಕಡೆಯವರು ಅಂತ ಬರೆದಿದ್ದೀರಿ, ನಾನು ಗದಗ-ಬೆಟಗೇರಿಯವಳು. ಬೇಸಿಗೆ ವಿಬಿಎಸ್, ಅಂದರೆ ರಜೆಯಲ್ಲಿ ಚರ್ಚಿನವರು ಮಕ್ಕಳಿಗೆ ನಡೆಸುವ ಬೈಬಲ್ ಶಿಬಿರ, ನಿಮ್ಮ ಹೆಗಲಿಗೆ ಬಿದ್ದಿದೆ, 14ರಿಂದ 17ರ ಹುಡುಗ ಹುಡುಗಿಯರನ್ನು ತಯಾರು ಮಾಡಬೇಕು, ಪುಸ್ತಕ ಯಾವುದು, ವಿಶ್ವಾಸದಲ್ಲಿ ಗಟ್ಟಿ ಇದ್ದವರನ್ನಷ್ಟೇ ಆರಿಸಬೇಕೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರ ಮನೆಗೆ ಹೋಗಿದ್ದೆ. ಅವರು ಒಂದು ಪುಸ್ತಕ ಹೇಳಿದರು, ತರಿಸಿದೆ, ಅದರಲ್ಲಿದ್ದದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿಸಿದೆ. ಕೆಟ್ಟಿದ್ದು ಅದರಲ್ಲಿ ಇಲ್ಲದ ವಿಷಯದಲ್ಲಿ.

ನಮ್ಮ ಕಡೆಯ ಕ್ರೈಸ್ತ ಸಭೆಗಳು ಹಳೆಯವು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಹಾಡು, ಕಥೆ, ನಾಟಕ ನಮಗೆ ಯಾರೂ ಕಲಿಸಬೇಕಿಲ್ಲ ಅನ್ನುವ ಒಂದು ಹಮ್ಮು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ನನಗೂ ಇತ್ತು. ಹತ್ತನೇತ್ತೆಯವರ ಪರೀಕ್ಷೆ ಮುಗಿದ ಮರುದಿನವೇ ತಾಲೀಮು ಶುರು ಮಾಡಿದೆ. ಬೈಬಲ್ ಕ್ವಿಜ್‌ನಲ್ಲಿ ಮೊದಲು ಬಂದವರು, ಕ್ವಾಯರ್‌ನಲ್ಲಿ ಗಂಟಲು ಇದ್ದವರು, ಪ್ರಾರ್ಥನೆಗೆ ಎದ್ದು ನಿಂತರೆ ತಡವರಿಸದವರು, ಇವರನ್ನೇ ಆರಿಸಿದ್ದು. ಆಕ್ಷನ್ ಸಾಂಗ್, ಗೊಂಬೆಯಾಟ, ಬಾಯಿಪಾಠದ ಬೈಬಲ್ ವಾಕ್ಯ, ಬಣ್ಣದ ಕಾಗದದ ಕೆಲಸ, ಎಲ್ಲ ಅಚ್ಚುಕಟ್ಟು. ನೋಡಲು ಬಂದ ಹಿರಿಯರು ತಲೆದೂಗಿ ಹೋದರು.

ಮಕ್ಕಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ಸಭೆಯ ಮಕ್ಕಳು ಅರ್ಧ, ಸುತ್ತಲಿನ ನೇಕಾರರ ಓಣಿಗಳ ಮಕ್ಕಳು ಅರ್ಧ. ಮೂರು ನಾಲ್ಕು ವರ್ಷದ ಚಿಲ್ಟಾರಿಗಳೂ ಅಕ್ಕಂದಿರ ಕೈ ಹಿಡಿದು ಬಂದವು. ಆಗ ನಾನು ನನ್ನ ಹುಡುಗರನ್ನು ನಿಲ್ಲಿಸಿಕೊಂಡು ಹೇಳಿದ್ದು ಇಷ್ಟೇ: "ಎಲ್ಲಾರೂ ಎಲ್ಲಾ ಹುಡುಗೂರ ಮ್ಯಾಲೆ ಲಕ್ಷ್ಯ ಇಡ್ರಿ."

ನನ್ನ ತಪ್ಪು ಈ ಒಂದು ಮಾತು.

ವಾರದ ನಡುವಿನ ಒಂದು ದಿನ, ಮಧ್ಯಾಹ್ನ ಬಿಡುವ ಹೊತ್ತು. ಗೇಟಿನಲ್ಲಿ ಚಪ್ಪಲಿ ಹುಡುಕುವವರು, ಉಳಿದ ಚುರಮರಿಯನ್ನು ಜೇಬಿಗೆ ತುಂಬಿಕೊಳ್ಳುವವರು, ಬೈಕಿನ ಮೇಲೆ ಕೂತೇ ಹಾರ್ನ್ ಹೊಡೆಯುವ ಅಪ್ಪಂದಿರು. ಗುಂಪು ಕರಗಿ ಅಂಗಳ ಖಾಲಿಯಾದ ಮೇಲೆ ಒಬ್ಬ ತಾಯಿ ಓಡುತ್ತ ಬಂದಳು. "ಅಕ್ಕಾರ, ನಮ್ಮ ಸಣ್ಣಾವ ಎಲ್ಲದಾನ್ರಿ?"

ನಾನು ತಿರುಗಿ ನನ್ನ ಹುಡುಗರನ್ನು ಕೇಳಿದೆ, ಅವನು ಯಾರ ಕಡೆ ಇದ್ದ ಅಂತ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಅವನಿಗೆ ನೀರು ಕುಡಿಸಿದ್ದಳು. ಒಬ್ಬ ಅವನ ಚಪ್ಪಲಿ ಹುಡುಕಿಕೊಟ್ಟಿದ್ದ. ಇನ್ನೊಬ್ಬಳು ಅವನು ಗೇಟಿನ ಹತ್ತಿರ ನಿಂತದ್ದನ್ನು ಕಣ್ಣಾರೆ ನೋಡಿದ್ದಳು. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಒಬ್ಬರೂ ಸೋಮಾರಿಗಳಾಗಿರಲಿಲ್ಲ. ಎಲ್ಲರೂ ನೋಡಿದ್ದರು. ಇವನು ನನ್ನವನು ಅಂತ ಹಿಡಿದುಕೊಂಡವರು ಮಾತ್ರ ಯಾರೂ ಇರಲಿಲ್ಲ, ಯಾಕೆಂದರೆ ಹಾಗೆ ಹಿಡಿದುಕೊಳ್ಳಿ ಅಂತ ನಾನು ಯಾರಿಗೂ ಹೇಳಿರಲಿಲ್ಲ.

ಹುಡುಗ ಸಿಕ್ಕಿದ. ಹಿಂದಿನ ಓಣಿಯ ಪವರ್‌ಲೂಮ್ ಶೆಡ್ಡಿನಲ್ಲಿ ಕಾಲು ಚಾಚಿ ಕೂತು ಮಗ್ಗ ನೋಡುತ್ತಿದ್ದ. ಶೆಡ್ಡಿನ ಯಜಮಾನ ಹೇಳಿದ, "ಯಾರ ಹುಡುಗೋ ಗೊತ್ತಿಲ್ರಿ. ಬಾಗಲಾಗ ನಿಂತಿದ್ದ, ಬಿಸಲಾಗ ಯಾಕಂತ ಒಳಗ ಕುಂದ್ರಿಸೀನಿ." ದೊಡ್ಡ ಹುಡುಗರ ಹಿಂಡಿನ ಹಿಂದೆ ಹೊರಬಿದ್ದವನು ಸದ್ದು ಕೇಳಿ ಅಲ್ಲೇ ನಿಂತುಬಿಟ್ಟಿದ್ದಾನೆ, ಅಷ್ಟೇ. ಬಾವಿ ಇರಲಿಲ್ಲ, ಲಾರಿ ಬರಲಿಲ್ಲ. ದೇವರು ದೊಡ್ಡವನು ಅಂತ ಎಲ್ಲರೂ ಅಂದರು. ನಾನೂ ಅಂದೆ. ಆದರೆ ಅದನ್ನು ವ್ಯವಸ್ಥೆ ಅನ್ನಲು ಬರುವುದಿಲ್ಲ.

ಗೇಟಿನಲ್ಲಿ ನಿಂತಿದ್ದ ಹುಡುಗಿಗೆ ಸಭೆಯ ಹಿರಿಯರೊಬ್ಬರು ಎಲ್ಲರೆದುರಿಗೆ ಬೈದರು. ನನ್ನ ತಂಡದಲ್ಲೇ ಚುರುಕಾದವಳು ಅವಳು. ತಪ್ಪು ನನ್ನದು ಅಂತ ನಾನು ಆಮೇಲೆ ಕಮಿಟಿಯಲ್ಲಿ ಹೇಳಿದೆ. ಕಮಿಟಿಯಲ್ಲಿ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಮರುದಿನದಿಂದ ಅವಳು ಬರಲಿಲ್ಲ, ಯುವಜನರ ಕೂಟಕ್ಕೂ ಬರುವುದನ್ನು ಬಿಟ್ಟಳು. ಮುಂದಿನ ಬೇಸಿಗೆ ಆ ಓಣಿಯಿಂದ ಒಂದು ಮಗುವೂ ಬರಲಿಲ್ಲ.

ನೀವು ಅನ್ನಬಹುದು, ಇದು ಬರೀ ಗೇಟಿನ ವಿಷಯ, ತರಬೇತಿಗೂ ಇದಕ್ಕೂ ಏನು ಸಂಬಂಧ ಅಂತ. ನಾನೂ ಕೆಲವು ತಿಂಗಳು ಹಾಗೇ ಅಂದುಕೊಂಡಿದ್ದೆ, ಮುಂದಿನ ಸಲ ಗೇಟಿಗೆ ಒಬ್ಬ ಗಟ್ಟಿ ಆಳನ್ನು ನಿಲ್ಲಿಸಿದರಾಯಿತು ಅಂತ. ಅಲ್ಲ. ನಾನು ಅವರನ್ನು ವೇದಿಕೆಗೆ ತಯಾರು ಮಾಡಿದ್ದೆ, ಮಕ್ಕಳಿಗೆ ತಯಾರು ಮಾಡಿರಲಿಲ್ಲ. ಬೆಳಿಗ್ಗೆ ರಿಜಿಸ್ಟರ್‌ನಲ್ಲಿ ಹೆಸರು ಬರೆಯುತ್ತಿದ್ದೆವು, ಒಟ್ಟು ಎಷ್ಟು ಅಂತ ಬೋರ್ಡಿನ ಮೇಲೆ ಹೆಮ್ಮೆಯಿಂದ ಹಾಕುತ್ತಿದ್ದೆವು. ಯಾರು ಯಾರ ಜೊತೆ ಮನೆಗೆ ಹೋದರು ಅನ್ನುವುದಕ್ಕೆ ಒಂದು ಕಾಲಂ ಕೂಡ ಇರಲಿಲ್ಲ. ಹದಿನೈದರ ಹುಡುಗಿಗೆ ಎಲ್ಲರನ್ನೂ ನೋಡಿಕೋ ಅಂದರೆ ಅವಳು ಅಳುವ ಮಗುವನ್ನು ನೋಡುತ್ತಾಳೆ, ತಂಟೆ ಮಾಡುವವನನ್ನು ನೋಡುತ್ತಾಳೆ. ಸುಮ್ಮನೆ ಇರುವ ಮಗು ಅವಳ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಣ್ಣಿಗೂ ಬೀಳುವುದಿಲ್ಲ. ಈ ಎಂಟು ಮಂದಿ ನಿನ್ನವರು, ಇವರ ಹೆಸರು ಹೇಳು ನೋಡೋಣ ಅಂದರೆ ಅದೇ ಹುಡುಗಿ ಸುಮ್ಮನಿರುವವನನ್ನೂ ಹುಡುಕುತ್ತಾಳೆ, ಯಾಕೆಂದರೆ ಲೆಕ್ಕದಲ್ಲಿ ಒಂದು ಕಡಿಮೆ ಬೀಳುತ್ತದೆ.

ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ನಮಗೆಲ್ಲ ಗೊತ್ತು. ಮೋಶೆಯ ಮಾವ ಬಂದು, ಬೆಳಗಿನಿಂದ ಸಂಜೆಯ ತನಕ ನೀನೊಬ್ಬನೇ ಜನರ ನ್ಯಾಯ ತೀರಿಸುತ್ತ ಕೂತರೆ ಹೇಗೆ ಅಂತ ಗದರಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅನ್ನುತ್ತಾನೆ. ಸಂಡೇಸ್ಕೂಲಿನಲ್ಲಿ ನಾನೇ ಅದನ್ನು ಪಾಠ ಮಾಡಿದ್ದೇನೆ. ಹತ್ತಕ್ಕೆ ಒಬ್ಬ ಅನ್ನುವ ಲೆಕ್ಕ ನಮ್ಮ ಅಂಗಳಕ್ಕೂ ಬೇಕು ಅಂತ ಹೊಳೆಯಲಿಲ್ಲ.

ಈಗ ನಮ್ಮಲ್ಲಿ 16 ದಾಟಿದವರಿಗೆ ಏಳೆಂಟು ಮಕ್ಕಳ ಗುಂಪು, ಅದಕ್ಕಿಂತ ಸಣ್ಣವರಿಗೆ ಇಬ್ಬಿಬ್ಬರಿಗೆ ಸೇರಿ ಒಂದು ಗುಂಪು. ಎರಡನೇ ದಿನದ ಹೊತ್ತಿಗೆ ಹೆಸರು ಬಾಯಿಪಾಠ ಆಗಿರಬೇಕು. ವಾಕ್ಯಕ್ಕಿಂತ ಮೊದಲು ಇದು. ಪ್ರತಿ ಗುಂಪಿಗೆ ಒಂದು ಬಣ್ಣ. ಮೊದಲು ಮಗ್ಗದ ಮನೆಗಳಲ್ಲಿ ಉಳಿದ ಬಣ್ಣದ ನೂಲು ತಂದು ಮಕ್ಕಳ ಕೈಗೆ ಕಟ್ಟುತ್ತಿದ್ದೆವು. ಚರ್ಚಿನ್ಯಾಗ ದಾರ ಕಟ್ಟೂದೇನ್ರಿ ಅಂತ ಒಬ್ಬ ಹಿರಿಯರು ತಕರಾರು ತೆಗೆದರು. ಈಗ ಬಣ್ಣದ ಬಟ್ಟೆಚೂರನ್ನು ಅಂಗಿಗೆ ಪಿನ್ ಮಾಡುತ್ತೇವೆ. ಬಿಡುವ ಹೊತ್ತಿಗೆ ಮಕ್ಕಳು ಗೇಟಿಗೆ ಹೋಗುವುದಿಲ್ಲ. ಗುಂಪು ಕೂತಲ್ಲೇ ಕೂತಿರುತ್ತದೆ, ಮನೆಯವರು ಒಳಗೆ ಬಂದು ಕರೆದುಕೊಂಡು ಹೋಗಬೇಕು. ಹೆಸರಿನ ಮುಂದೆ ಯಾರ ಜೊತೆ ಹೋಯಿತು ಅಂತ ಬರೆಯುವುದು ಸ್ವಯಂಸೇವಕನ ಕೆಲಸ, ಪಕ್ಕದಲ್ಲಿ ಒಬ್ಬ ದೊಡ್ಡವರು ನಿಂತಿರುತ್ತಾರೆ. ತಡವಾಗುತ್ತದೆ, ಅಪ್ಪಂದಿರು ಗೊಣಗುತ್ತಾರೆ. ಗೊಣಗಲಿ.

ವಿಶ್ವಾಸದಲ್ಲಿ ಗಟ್ಟಿ ಇದ್ದವರನ್ನಷ್ಟೇ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮೊದಲನೆಯ ಸಮುವೇಲ 3 ತೆಗೆದು ನೋಡಿ. ಹುಡುಗ ಸಮುವೇಲ ಯಾಜಕ ಏಲಿಯ ಹತ್ತಿರ ಸೇವೆ ಮಾಡುತ್ತಿದ್ದಾನೆ, ಆದರೆ ಅವನಿಗೆ ಕರ್ತನಾದ ದೇವರ ಪರಿಚಯ ಇನ್ನೂ ಆಗಿರಲಿಲ್ಲ ಅಂತ ಅಲ್ಲೇ ಬರೆದಿದೆ. ಆ ರಾತ್ರಿ ದೇವರೇ ಹೆಸರು ಹಿಡಿದು ಕರೆದು ಮಾತಾಡಿದ ಮೇಲೂ ಬೆಳಿಗ್ಗೆ ಎದ್ದು ಅವನು ಮಾಡಿದ ಕೆಲಸ ದೇವಾಲಯದ ಬಾಗಿಲು ತೆರೆಯುವುದು. ಮೊದಲು ಪಕ್ವವಾಗಲಿ, ಆಮೇಲೆ ಸೇವೆ ಅನ್ನುವುದು ನಮ್ಮ ಕಮಿಟಿಗಳು ಮಾಡಿಕೊಂಡ ಕಾಯಿದೆ. ನನಗೆ ಸಿಕ್ಕ ಅತ್ಯುತ್ತಮ ಸ್ವಯಂಸೇವಕ ಒಬ್ಬ ಪಂಕ್ಚರ್ ಅಂಗಡಿಯವರ ಮಗ. ಹಾಡು ಬಾರದು, ಪ್ರಾರ್ಥನೆ ಮಾಡಪ್ಪಾ ಅಂದರೆ ಬಾಗಿಲ ಕಡೆ ನೋಡುತ್ತಾನೆ. ಆದರೆ ಅಂಗಡಿಯಲ್ಲಿ ಕೂತು ಬೆಳೆದವನಿಗೆ ಯಾರು ಬಂದರು, ಯಾರು ಹೋದರು, ಯಾರದ್ದು ಇನ್ನೂ ಬಾಕಿ ಅನ್ನುವುದು ತಲೆಯಲ್ಲೇ ಇರುತ್ತದೆ. ಮನೆಯಲ್ಲಿ ತಮ್ಮ ತಂಗಿಯರನ್ನು ಎತ್ತಿ ಆಡಿಸಿದವರನ್ನು ಮೊದಲು ನೋಡಿ, ಕ್ವಿಜ್‌ನವರನ್ನು ಆಮೇಲೆ. ಕ್ವಿಜ್‌ನವರು ಬೇಡ ಅನ್ನುತ್ತಿಲ್ಲ. ಅವರಿಗೆ ಮೈಕ್ ಕೊಡಿ, ಖುಷಿಯಾಗಿರುತ್ತಾರೆ.

ಪುಸ್ತಕದ ದುಡ್ಡು ಉಳಿಸಿ. ಈಗಿನಿಂದಲೇ ಭಾನುವಾರ ಇಬ್ಬಿಬ್ಬರಂತೆ ಸಂಡೇಸ್ಕೂಲಿನ ಸಣ್ಣ ಮಕ್ಕಳ ಕ್ಲಾಸಿಗೆ ಬಿಡಿ. ಕಲಿಸಲು ಅಲ್ಲ, ಮೂರು ಮಕ್ಕಳ ಪಕ್ಕ ಕೂರಲು. ಒಂದು ಕಥೆಯನ್ನು, ಐದು ರೊಟ್ಟಿ ಎರಡು ಮೀನಿನ ಹುಡುಗನದೇ ಆಗಲಿ, ಪುಸ್ತಕ ನೋಡದೆ ಪಕ್ಕದ ಮನೆಯ ಮಗುವಿಗೆ ಹೇಳಿಬರಲಿ. ಮಗು ನಡುವೆ ಎದ್ದು ಹೋದರೆ ಕಥೆ ಉದ್ದವಾಯಿತು ಅಂತ ಅವರಿಗೇ ತಿಳಿಯುತ್ತದೆ, ನೀವು ಹೇಳಬೇಕಿಲ್ಲ. ಮೊದಲ ದಿನ ಪೊರಕೆ ಹಿಡಿಸಿ, ಕಕ್ಕಸು ತೊಳೆಯುವಾಗ ನೀವೂ ಜೊತೆಗೆ ಇರಿ. ಯೇಸು ಶಿಷ್ಯರ ಕಾಲು ತೊಳೆದ ಯೋಹಾನ 13 ಓದಿಸಿ ನೀವು ಕುರ್ಚಿಯಲ್ಲಿ ಕೂತರೆ ಆ ವಯಸ್ಸಿನವರು ತಕ್ಷಣ ಕಂಡುಹಿಡಿಯುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅಂದರೆ ನಿಮ್ಮ ಸ್ವಯಂಸೇವಕರೂ ಮಕ್ಕಳೇ, ಅವರ ರಕ್ಷಣೆಯೂ ನಿಮ್ಮದೇ. ಯಾರೊಬ್ಬರೂ, ದೊಡ್ಡವರೂ ಸೇರಿ, ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಸಣ್ಣವರನ್ನು ಕಕ್ಕಸಿಗೆ ಕರೆದೊಯ್ಯುವಾಗ ಇಬ್ಬರು, ಅದರಲ್ಲಿ ಒಬ್ಬರು ದೊಡ್ಡ ಹೆಂಗಸರು. ಯಾವುದಾದರೂ ಮಗು ಮನೆಯಲ್ಲೋ ಬೇರೆಲ್ಲೋ ಆದ ಕೆಟ್ಟದ್ದನ್ನು ಹೇಳಿಕೊಂಡರೆ ನಮ್ಮ ಹುಡುಗರು ಕೆದಕಿ ಕೇಳಬಾರದು, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬಾರದು, ಗೊತ್ತುಮಾಡಿದ ದೊಡ್ಡವರ ಹತ್ತಿರ ನೇರ ಬರಬೇಕು. ತಿಳಿದ ಮೇಲೆ ವರದಿ ಮಾಡುವುದು ದೊಡ್ಡವರಿಗೆ ಕಾನೂನೇ ಹೊರಿಸಿದ ಕೆಲಸ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿರಲಿ. ಫೋನುಗಳು ಬೆಳಿಗ್ಗೆಯೇ ಒಂದು ಚೀಲಕ್ಕೆ. ಬೇರೆಯವರ ಮಕ್ಕಳು ರೀಲ್ಸ್‌ನಲ್ಲಿ ಬರಬಾರದು.

ಬೇರೆ ಧರ್ಮದ ಮನೆಗಳ ಮಕ್ಕಳು ಬಂದರೆ ಅಪ್ಪ ಅಮ್ಮನ ಸಹಿ ಇರುವ ಒಪ್ಪಿಗೆ ಚೀಟಿ ಬೇಕೇ ಬೇಕು. ಇದು ಚರ್ಚಿನ ಶಿಬಿರ, ಇಲ್ಲಿ ಯೇಸುವಿನ ಕಥೆ ಹೇಳುತ್ತೇವೆ ಅಂತ ಅದರಲ್ಲಿ ಕನ್ನಡದಲ್ಲಿ ನೇರವಾಗಿ ಬರೆದಿರಲಿ. ಉಡುಗೊರೆ ಆಸೆ ತೋರಿಸಿ ಕರೆಯುವುದು, ಕೈಮುಗಿ ಅಂತ ಒತ್ತಾಯಿಸುವುದು ನಮ್ಮಲ್ಲಿ ಇಲ್ಲ. ಹುರುಪಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅವರು ಮಾಡೇ ಮಾಡುತ್ತಾರೆ.

ಬಿಸಿಲಿನ ಬಗ್ಗೆ ಹಾವೇರಿಯವರಿಗೆ ನಾನೇನು ಹೇಳಲಿ. ಹೊರಗಿನ ಆಟ ಹತ್ತು ಗಂಟೆಯೊಳಗೆ ಮುಗಿಸಿ. ಬಿಸಿಲಿಗೆ ಬಳಲಿದವರಿಗೆ ಕುಡಿಸಲು ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಗೋಪುರ ಮಾಡದೆ ಮಟ್ಟವಾಗಿ. ಇದನ್ನು ಪ್ರತಿಯೊಬ್ಬ ಸ್ವಯಂಸೇವಕನ ಕೈಯಲ್ಲೂ ಒಮ್ಮೆ ಮಾಡಿಸಿ, ಅವನೇ ಕುಡಿದು ನೋಡಲಿ. ನಮ್ಮಲ್ಲಿ ಒಬ್ಬ ಚಮಚ ಅದಲು ಬದಲು ಮಾಡಿ ಆರು ಉಪ್ಪು ಹಾಕಿದ್ದ. ತಾಲೀಮಿನಲ್ಲಿ ಆದದ್ದಕ್ಕೆ ಬರೀ ನಗು ಬಂತು.

ಮಕ್ಕಳು ಹೋದ ಮೇಲೆ ಸ್ವಯಂಸೇವಕರಿಗೆ ಬಿಸಿ ಊಟ ಹಾಕಿ, ಉಳಿದ ಉಪ್ಪಿಟ್ಟು ಬೇಡ. ಉಣ್ಣುವಾಗಲೇ ಒಂದು ಪ್ರಶ್ನೆ ಕೇಳಿ: ನಿನ್ನ ಗುಂಪಿನಲ್ಲಿ ಇವತ್ತು ಒಂದು ಮಾತೂ ಆಡದವರು ಯಾರು? ಮೊದಮೊದಲು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಮೂರನೇ ದಿನಕ್ಕೆ ತಾವೇ ಹೇಳತೊಡಗುತ್ತಾರೆ. ಆ ಹೊತ್ತಿಗೆ ನಿಮ್ಮ ಉಪದೇಶ ಬೇಡ, ಅವರು ಹಸಿದಿರುತ್ತಾರೆ. ಯಾರಾದರೂ ಎಡವಿದರೆ ಬೈಯುವ ಹಕ್ಕು ನಿಮಗೆ ಮಾತ್ರ, ಅದೂ ಬಾಗಿಲ ಹಿಂದೆ ಅಲ್ಲ, ಅಂಗಳದ ಮೂಲೆಯಲ್ಲಿ, ತಗ್ಗಿದ ದನಿಯಲ್ಲಿ. ಇದನ್ನು ಶಿಬಿರ ಶುರುವಾಗುವ ಮೊದಲೇ ಹಿರಿಯರಿಗೆ ಹೇಳಿ ಒಪ್ಪಿಸಿಕೊಳ್ಳಿ.

ಸ್ವಯಂಸೇವಕರಿಗೆ ಹೆಸರು ಅಚ್ಚು ಹಾಕಿಸಿದ ಟೀಶರ್ಟ್ ಮಾಡಿಸಬೇಕೇ ಅಂತಲೂ ಕೇಳಿದ್ದೀರಿ. ಬೇಡ. ಆ ದುಡ್ಡಿನಲ್ಲಿ ಪ್ರತಿ ಗುಂಪಿಗೊಂದು ನೋಟ್‌ಬುಕ್, ಒಂದು ಪೆನ್ನು, ಪೆನ್ನಿಗೆ ದಾರ ತನ್ನಿ. ದಾರ ಇಲ್ಲದಿದ್ದರೆ ಎರಡನೇ ದಿನವೇ ಪೆನ್ನು ಮಾಯವಾಗಿರುತ್ತದೆ.